ಮಳೆಗಾಲದ ಸಂಕಷ್ಟಿ: ಚಂದ್ರ ಕಾಣದಿದ್ದರೆ ಊಟ ಯಾವಾಗ?

ಪ್ರಶ್ನೆ: ನನ್ನ ತವರು ಮೈಸೂರು. ಮದುವೆಯಾಗಿ ನಾಪೋಕ್ಲು ಕಡೆಯ ಕೊಡವ ಮನೆಗೆ ಬಂದಿದ್ದೇನೆ. ತವರಿನಲ್ಲಿ ಅಮ್ಮನ ಜೊತೆ ಪ್ರತಿ ತಿಂಗಳೂ ಸಂಕಷ್ಟಿ ಮಾಡುತ್ತಿದ್ದೆ, ಇಲ್ಲೂ ಬಿಟ್ಟಿಲ್ಲ. ಆದರೆ ಜೂನ್ ಬಂದರೆ ಇಲ್ಲಿ ಚಂದ್ರನೇ ಕಾಣುವುದಿಲ್ಲ. ಹೋದ ಆಷಾಢದಲ್ಲಿ ಹನ್ನೊಂದೂವರೆವರೆಗೆ ಕಾದು, ಏನೂ ತಿನ್ನದೆ ಮಲಗಿದೆ. ಗೋಡೆಯ ಕ್ಯಾಲೆಂಡರ್‌ನಲ್ಲಿ ಒಂದು ಸಮಯ, ಮೊಬೈಲ್‌ನಲ್ಲಿ ಇನ್ನೊಂದು. ಕೆಲವು ಸಲ ದಿನವೇ ಬೇರೆ ಬೇರೆ ಇರುತ್ತದೆ. ತೋಟದಲ್ಲಿ ಗರಿಕೆ ಹುಡುಕಿದರೂ ಸಿಗುವುದಿಲ್ಲ. ಈಗ ನಮ್ಮತ್ತೆಗೂ ವ್ರತ ಹಿಡಿಯುವ ಆಸೆ ಬಂದಿದೆ. ಅವರಿಗೆ ಶುಗರ್ ಇದೆ, ಮಾತ್ರೆ ತಗೋತಾರೆ. ಬೆಳಗಿನ ಕಾಫಿ ಬಿಟ್ಟರೆ ತಲೆನೋವು. ಮನೆಯಲ್ಲಿ ಮಾಂಸದ ಅಡುಗೆಯೂ ನಡೆಯುತ್ತದೆ. ಇಷ್ಟೆಲ್ಲ ಇಟ್ಟುಕೊಂಡು ವ್ರತ ಮಾಡಬಹುದಾ?

ಉತ್ತರ: ಖಂಡಿತ ಮಾಡಬಹುದು. ಚಂದ್ರ ಕಣ್ಣಿಗೆ ಕಾಣಲಿಲ್ಲ ಅಂತ ಸಂಕಷ್ಟಿ ಕೆಡುವುದಿಲ್ಲ. ಈ ವ್ರತ ನಿಂತಿರುವುದು ಚಂದ್ರೋದಯದ ಹೊತ್ತಿನ ಮೇಲೆ. ಆ ಹೊತ್ತು ಬಂತು ಅಂದರೆ ಪೂಜೆ ಮುಗಿಸಿ, ಅರ್ಘ್ಯ ಕೊಟ್ಟು, ಊಟಕ್ಕೆ ಕೂರಬೇಕು. ಏಕಾದಶಿಯ ಹಾಗೆ ಮಾರನೆಯ ಬೆಳಿಗ್ಗೆವರೆಗೆ ಉಪವಾಸ ಇರುವ ವ್ರತ ಇದಲ್ಲ. ಸಂಕಷ್ಟಿಯಲ್ಲಿ ರಾತ್ರಿಯ ಊಟವೂ ವ್ರತದ ಒಂದು ಭಾಗ. ನೀವು ಬರೀ ಹೊಟ್ಟೆಯಲ್ಲಿ ಮಲಗಿದ ರಾತ್ರಿ ಊಟ ಮಾಡಬಹುದಿತ್ತು, ಮಾಡಬೇಕಿತ್ತು ಕೂಡ.

ಇದನ್ನು ನಿಮ್ಮತ್ತೆಗೆ ವಿವರಿಸಿ ಹೇಳುವ ಅಗತ್ಯವೇ ಇಲ್ಲ. ಅವರು ಹುಟ್ಟಿದಾಗಿನಿಂದ ಪುತ್ತರಿ, ಅಂದರೆ ಕೊಡಗಿನ ಸುಗ್ಗಿ ಹಬ್ಬ, ನೋಡಿದವರು. ಪುತ್ತರಿ ಮುಹೂರ್ತ ಹೇಗೆ ಬರುತ್ತದೆ? ಹುಣ್ಣಿಮೆ ಮತ್ತು ರೋಹಿಣಿ ನಕ್ಷತ್ರ ನೋಡಿ ಲೆಕ್ಕ ಹಾಕಿ, ಕಕ್ಕಬ್ಬೆಯ ಪಾಡಿ ಇಗ್ಗುತ್ತಪ್ಪ ಸನ್ನಿಧಿಯಲ್ಲಿ ಗೊತ್ತು ಮಾಡುತ್ತಾರೆ. ನೆರೆ (ಎಲೆಗಳ ಕಟ್ಟು) ಕಟ್ಟುವುದಕ್ಕೆ ಒಂದು ಹೊತ್ತು, ಕದಿರು ತೆಗೆಯುವುದಕ್ಕೆ ಒಂದು ಹೊತ್ತು, ಊಟಕ್ಕೆ ಒಂದು ಹೊತ್ತು. ಆ ರಾತ್ರಿ ಗದ್ದೆಯಲ್ಲಿ ನಿಂತು ಯಾರೂ ರೋಹಿಣಿ ನಕ್ಷತ್ರ ಕಾಣಲಿ ಅಂತ ಕಾಯುವುದಿಲ್ಲ. ಮೋಡ ಇರಲಿ, ಮಂಜು ಇರಲಿ, ಹೊತ್ತು ಬಂದ ಕೂಡಲೇ ಗುಂಡು ಹಾರುತ್ತದೆ, "ಪೊಲಿ ಪೊಲಿ ದೇವಾ" ಅನ್ನುತ್ತಾ ಕದಿರು ಕುಯ್ಯುತ್ತಾರೆ. ತಲಕಾವೇರಿಯಲ್ಲಿ ತುಲಾ ಸಂಕ್ರಮಣದ ತೀರ್ಥೋದ್ಭವವೂ ಲೆಕ್ಕ ಹಾಕಿದ ಗಳಿಗೆಗೇ. ಸೂರ್ಯ ತುಲಾ ರಾಶಿಗೆ ಹೋಗುವುದನ್ನು ಕಣ್ಣಾರೆ ಕಂಡವರು ಯಾರೂ ಇಲ್ಲ. ಆದರೂ ಮಧ್ಯರಾತ್ರಿಯಾದರೂ ಸರಿ, ಜನ ಆ ಗಳಿಗೆಗೆ ಕುಂಡಿಕೆಯ ಮುಂದೆ ನಿಂತಿರುತ್ತಾರೆ. ಕೊಡಗಿನವರಿಗೆ ಲೆಕ್ಕದ ಹೊತ್ತನ್ನು ನಂಬಿ ನಡೆಯುವುದು ಹೊಸದೇನಲ್ಲ. ಸಂಕಷ್ಟಿಗೂ ಅದೇ ನಂಬಿಕೆ ಸಾಕು.

ಈಗ ದಿನದ ಗೊಂದಲಕ್ಕೆ ಬರುತ್ತೇನೆ. ನನ್ನನ್ನು ಜನ ಜಾಸ್ತಿ ಕೇಳುವುದೂ ಇದನ್ನೇ.

ಸಂಕಷ್ಟಿ ಅಂದರೆ ಹುಣ್ಣಿಮೆ ಕಳೆದು ಬರುವ ಚೌತಿ, ಕೃಷ್ಣ ಪಕ್ಷದ ಚತುರ್ಥಿ. ಆಕಾಶದಲ್ಲಿ ಸೂರ್ಯನಿಂದ ಚಂದ್ರ 12 ಡಿಗ್ರಿ ದೂರ ಹೋದರೆ ಒಂದು ತಿಥಿ ಮುಗಿಯುತ್ತದೆ. ಹುಣ್ಣಿಮೆ ಮುಗಿಯುವಾಗ ಇಬ್ಬರ ನಡುವೆ 180 ಡಿಗ್ರಿ. ಅದು 216 ತಲುಪಿದಾಗ ಕೃಷ್ಣ ಚತುರ್ಥಿ ಶುರು, 228ಕ್ಕೆ ಮುಕ್ತಾಯ. ಚಂದ್ರನ ಓಟ ಒಂದೇ ವೇಗದಲ್ಲಿ ಇರುವುದಿಲ್ಲ. ಹಾಗಾಗಿ ಒಂದು ತಿಥಿ ಸುಮಾರು 19 ಗಂಟೆಯೂ ಇರಬಹುದು, 26 ಗಂಟೆಯೂ ಇರಬಹುದು. ಬೆಳಿಗ್ಗೆಯೂ ಶುರುವಾಗಬಹುದು, ನಡುರಾತ್ರಿಯೂ ಶುರುವಾಗಬಹುದು.

ಹೆಚ್ಚಿನ ದಿನಗಳಲ್ಲಿ ಸೂರ್ಯೋದಯಕ್ಕೆ ಯಾವ ತಿಥಿ ಇದೆಯೋ ಇಡೀ ದಿನಕ್ಕೆ ಅದೇ ಹೆಸರು. ಸಂಕಷ್ಟಿಗೆ ಮಾತ್ರ ಹಾಗಲ್ಲ. ಚಂದ್ರೋದಯದ ಹೊತ್ತಿಗೆ ಚತುರ್ಥಿ ಇರಬೇಕು. ಉದಾಹರಣೆಗೆ, ಮಂಗಳವಾರ ರಾತ್ರಿ 8 ಗಂಟೆಗೆ ಚತುರ್ಥಿ ಶುರುವಾಗಿ ಬುಧವಾರ ಸಂಜೆ 7ಕ್ಕೆ ಮುಗಿಯಿತು ಅಂತ ಇಟ್ಟುಕೊಳ್ಳಿ. ಕ್ಯಾಲೆಂಡರ್‌ನಲ್ಲಿ ಬುಧವಾರದ ಚೌಕದಲ್ಲಿ ಚತುರ್ಥಿ ಅಂತ ಇರುತ್ತದೆ, ಯಾಕೆಂದರೆ ಅವತ್ತಿನ ಸೂರ್ಯೋದಯಕ್ಕೆ ಇರುವುದು ಅದೇ. ಆದರೆ ಮಂಗಳವಾರ ರಾತ್ರಿ 8:50ಕ್ಕೆ ಚಂದ್ರ ಹುಟ್ಟುವಾಗ ಚತುರ್ಥಿ ಇದೆ. ಬುಧವಾರ ಚಂದ್ರ ಹುಟ್ಟುವ ಹೊತ್ತಿಗೆ ಅದು ಮುಗಿದು ಪಂಚಮಿ ಬಂದಾಗಿದೆ. ಆದ್ದರಿಂದ ಸಂಕಷ್ಟಿ ಮಂಗಳವಾರವೇ. ತಿಥಿಯ ಕಾಲಂ ಮಾತ್ರ ನೋಡಿ ಬುಧವಾರ ಉಪವಾಸ ಇರುವವರು ತುಂಬ ಜನ. ತಿಥಿ ನೋಡಬೇಡಿ, 'ಸಂಕಷ್ಟಹರ ಚತುರ್ಥಿ' ಅಂತ ಬರೆದಿರುವ ಚೌಕವನ್ನೇ ನೋಡಿ.

ಎರಡು ದಿನವೂ ಚಂದ್ರೋದಯಕ್ಕೆ ಚತುರ್ಥಿ ಇದ್ದರೆ? ತಿಥಿ ಉದ್ದವಾದಾಗ ಅಪರೂಪಕ್ಕೆ ಹಾಗಾಗುತ್ತದೆ. ಆಗ ಮೊದಲನೆಯ ದಿನ ತಗೊಳ್ಳಿ. ಎರಡೂ ದಿನ ಇಲ್ಲದಿದ್ದರೆ ಎರಡನೆಯ ದಿನ. ಧರ್ಮಸಿಂಧು ಎಂಬ ಹಳೆಯ ಗ್ರಂಥದಲ್ಲಿ ಕೊಟ್ಟಿರುವ ತೀರ್ಮಾನ ಇದು, ನಮ್ಮ ಕಡೆ ನಡೆದು ಬಂದಿರುವುದೂ ಹೀಗೇ.

ಇಷ್ಟಾದರೂ ಎರಡು ಪಂಚಾಂಗದಲ್ಲಿ ಎರಡು ದಿನ ಬರುವುದುಂಟು. ಕೆಲವು ಪಂಚಾಂಗ ಹಳೆಯ ಸೂರ್ಯಸಿದ್ಧಾಂತದ ಲೆಕ್ಕ ಹಿಡಿಯುತ್ತವೆ, ಕೆಲವು ಆಕಾಶದಲ್ಲಿ ಕಾಣುವುದಕ್ಕೆ ತಾಳೆಯಾಗುವ ದೃಗ್ಗಣಿತ ಹಿಡಿಯುತ್ತವೆ. ತಿಥಿ ಮುಗಿಯುವ ಸಮಯದಲ್ಲಿ ಗಂಟೆಗಳ ವ್ಯತ್ಯಾಸವೂ ಬರಬಹುದು. ಚಂದ್ರೋದಯ ಮತ್ತು ತಿಥಿಯ ಅಂಚು ಹತ್ತಿರ ಹತ್ತಿರ ಬಂದ ತಿಂಗಳು ದಿನವೇ ಬದಲಾಗುತ್ತದೆ. ನನ್ನ ಸಲಹೆ ಒಂದೇ. ಒಂದು ಪಂಚಾಂಗ ಆರಿಸಿಕೊಳ್ಳಿ, ಅದನ್ನೇ ಕೊನೆಯವರೆಗೆ ಹಿಡಿಯಿರಿ. ಅನುಮಾನ ಬಂದ ತಿಂಗಳು ನಿಮ್ಮ ಹತ್ತಿರದ ಗಣಪತಿ ದೇವಸ್ಥಾನದಲ್ಲಿ ಯಾವತ್ತು ಪೂಜೆ ಅಂತ ಕೇಳಿ. ಮಡಿಕೇರಿಗೆ ಬಂದು ಹೋಗುವವರು ಕೋಟೆ ಗಣಪತಿ ದೇವಸ್ಥಾನದಲ್ಲಿ ವಿಚಾರಿಸಬಹುದು. ಊರವರೆಲ್ಲ ಮಾಡುವ ದಿನ ಮಾಡುವುದರಲ್ಲಿ ಏನೂ ತಪ್ಪಿಲ್ಲ.

ಇನ್ನು ಸಮಯ. ಸಂಕಷ್ಟಿಯ ಚಂದ್ರೋದಯ ನಮ್ಮ ಕಡೆ ಹೆಚ್ಚು ಕಡಿಮೆ ರಾತ್ರಿ ಎಂಟೂಕಾಲರಿಂದ ಹತ್ತೂಕಾಲರ ಒಳಗೆ ಆಗುತ್ತದೆ. ಯಾವ ತಿಂಗಳು ಅನ್ನುವುದರ ಮೇಲೆ ಹಿಂದೆ ಮುಂದೆ. ಕ್ಯಾಲೆಂಡರ್‌ನಲ್ಲಿ ಅಚ್ಚಾಗಿರುವುದು ಬೆಂಗಳೂರಿನ ಸಮಯ ಆಗಿದ್ದರೆ ಅದಕ್ಕೆ ಏಳೆಂಟು ನಿಮಿಷ ಸೇರಿಸಿ. ಬೆಂಗಳೂರು ಇರುವುದು 77.6 ಡಿಗ್ರಿ ರೇಖಾಂಶದಲ್ಲಿ, ಮಡಿಕೇರಿ 75.7ರಲ್ಲಿ. ಒಂದು ಡಿಗ್ರಿ ಪಶ್ಚಿಮಕ್ಕೆ ಹೋದರೆ 4 ನಿಮಿಷ ತಡ. ಮೈಸೂರಿನ ಸಮಯವಾದರೆ ಮೂರು ನಾಲ್ಕು ನಿಮಿಷ ಸೇರಿಸಿದರೆ ಸಾಕು, ಮಂಗಳೂರಿನದಾದರೆ ಅಷ್ಟೇ ಕಳೆಯಿರಿ. ಏಳೆಂಟು ನಿಮಿಷಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಕಾಲು ಗಂಟೆ ತಡವಾಗಿ ಅರ್ಘ್ಯ ಕೊಟ್ಟರೆ ಯಾವ ದೋಷವೂ ಇಲ್ಲ. ಮೊದಲೇ ಕೊಡಬಾರದು, ಅಷ್ಟೇ.

ಮೊಬೈಲ್ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಕೆಲವು ಆ್ಯಪ್‌ಗಳಲ್ಲಿ ಊರು ತಾನಾಗಿಯೇ ದೆಹಲಿಯೋ ಉಜ್ಜಯಿನಿಯೋ ಆಗಿ ಕೂತಿರುತ್ತದೆ. ಉಜ್ಜಯಿನಿ ನಮ್ಮ ಹಳೆಯ ಜ್ಯೋತಿಷಿಗಳು ರೇಖಾಂಶದ ಲೆಕ್ಕ ಶುರು ಮಾಡಿದ ಊರು. ಅದರ ರೇಖಾಂಶವೂ ಮಡಿಕೇರಿಯದೂ ಹತ್ತಿರ ಹತ್ತಿರ ಒಂದೇ. ಆದರೂ ಚಂದ್ರೋದಯ ಒಂದೇ ಹೊತ್ತಿಗೆ ಆಗುವುದಿಲ್ಲ, ಯಾಕೆಂದರೆ ಅದು ನಮಗಿಂತ ಬಹಳ ಉತ್ತರಕ್ಕಿದೆ. ಕಾರ್ತಿಕ ಮಾರ್ಗಶಿರದಲ್ಲಿ ದೆಹಲಿಗೂ ನಮಗೂ ಅರ್ಧ ಗಂಟೆಗಿಂತ ಜಾಸ್ತಿ ವ್ಯತ್ಯಾಸ ಬರುತ್ತದೆ. ದೆಹಲಿಯಲ್ಲಿ ಚಂದ್ರ ಬಂದ ಹೊತ್ತಿಗೆ ನೀವು ಇಲ್ಲಿ ಊಟಕ್ಕೆ ಕೂತರೆ ಮೊದಲೇ ಉಂಡಂತಾಯಿತು. ನಿಮ್ಮ ಕ್ಯಾಲೆಂಡರ್‌ಗೂ ಮೊಬೈಲ್‌ಗೂ ತಾಳೆ ಆಗದಿರುವುದಕ್ಕೆ ಇದೇ ಕಾರಣ ಇರಬಹುದು. ಸೆಟ್ಟಿಂಗ್‌ಗೆ ಹೋಗಿ ಊರು ಮಡಿಕೇರಿ ಅಂತ ಹಾಕಿ. ಮಳೆಗಾಲ ಶುರುವಾಗುವ ಮೊದಲೇ ನಾಲ್ಕೈದು ತಿಂಗಳ ಸಮಯ ನೋಡಿ ಕಾಗದದಲ್ಲಿ ಬರೆದು ದೇವರ ಮನೆಯಲ್ಲಿ ಅಂಟಿಸಿಬಿಡಿ. ಜುಲೈಯಲ್ಲಿ ಕರೆಂಟು, ನೆಟ್‌ವರ್ಕ್ ಎರಡೂ ಹೋದ ರಾತ್ರಿ ಆ ಕಾಗದ ಕೈಗೆ ಬರುತ್ತದೆ.

ಮಳೆ ಇಲ್ಲದ ತಿಂಗಳಲ್ಲೂ ಕೊಡಗಿನಲ್ಲಿ ಇನ್ನೊಂದು ತೊಡಕು ಇದೆ. ಗುಡ್ಡ. ಪಂಚಾಂಗದ ಚಂದ್ರೋದಯ ಸಮತಟ್ಟು ನೆಲಕ್ಕೆ ಲೆಕ್ಕ ಹಾಕಿದ್ದು. ನಿಮ್ಮ ಮನೆಯ ಪೂರ್ವಕ್ಕೆ ಬೆಟ್ಟ ಇದ್ದರೆ ಚಂದ್ರ ಅದರ ತಲೆ ದಾಟಿ ಬರಬೇಕು. ಎಷ್ಟು ತಡವಾಗುತ್ತದೆ ಅಂತ ನೀವೇ ಅಳೆಯಬಹುದು. ಅಂಗಳದಲ್ಲಿ ಪೂರ್ವಕ್ಕೆ ಮುಖ ಮಾಡಿ ನಿಲ್ಲಿ. ಕೈ ನೇರ ಮುಂದಕ್ಕೆ ಚಾಚಿ ಮುಷ್ಟಿ ಕಟ್ಟಿ. ಮುಷ್ಟಿಯ ಕೆಳ ಅಂಚು ಕಣ್ಣಿನ ಮಟ್ಟಕ್ಕೆ ಇರಲಿ. ಆ ಮುಷ್ಟಿಯ ಎತ್ತರ ಸುಮಾರು 10 ಡಿಗ್ರಿ. ಗುಡ್ಡದ ನೆತ್ತಿ ಒಂದು ಮುಷ್ಟಿಯಷ್ಟು ಎತ್ತರ ಕಂಡರೆ ಚಂದ್ರ ನಿಮಗೆ ಕಾಣುವುದು ಪಂಚಾಂಗದ ಸಮಯಕ್ಕಿಂತ ಮುಕ್ಕಾಲು ಗಂಟೆ ತಡವಾಗಿ. ಅರ್ಧ ಮುಷ್ಟಿ ಆದರೆ ಇಪ್ಪತ್ತು ನಿಮಿಷದ ಮೇಲೆ ಸ್ವಲ್ಪ. ತೋಟದ ಸಿಲ್ವರ್ ಓಕ್ ಮರಗಳೂ ಇದೇ ಕೆಲಸ ಮಾಡುತ್ತವೆ. ಚಂದ್ರ ಪ್ರತಿ ತಿಂಗಳೂ ಒಂದೇ ಜಾಗದಲ್ಲಿ ಹುಟ್ಟುವುದಿಲ್ಲ ಅನ್ನುವುದನ್ನೂ ನೆನಪಿಡಿ. ಜ್ಯೇಷ್ಠ ಆಷಾಢದಲ್ಲಿ ಪೂರ್ವದಿಂದ ಸ್ವಲ್ಪ ದಕ್ಷಿಣಕ್ಕೆ, ಕಾರ್ತಿಕ ಮಾರ್ಗಶಿರದಲ್ಲಿ ಸ್ವಲ್ಪ ಉತ್ತರಕ್ಕೆ ನೋಡಬೇಕು. ಮಡಿಕೇರಿ ಪೇಟೆಯವರು ಕೆಲವರು ಚಂದ್ರ ನೋಡಲು ರಾಜಾಸೀಟ್ ಕಡೆಗೆ ಹೊರಡುತ್ತಾರೆ. ಅದು ಸೂರ್ಯಾಸ್ತಕ್ಕೆ ಹೆಸರಾದ ಜಾಗ, ನೋಟ ಪಶ್ಚಿಮಕ್ಕೆ. ಹುಟ್ಟುವ ಚಂದ್ರನಿಗೆ ಅಲ್ಲಿ ಬೆನ್ನು ತಿರುಗಿಸಿ ನಿಂತ ಹಾಗಾಗುತ್ತದೆ.

ಗುಡ್ಡದ ಹಿಂದೆ ಚಂದ್ರ ಇದ್ದಾನೆ ಅಂತ ಗೊತ್ತಿದ್ದರೆ ಕಾಯಬೇಕಾ? ಆಕಾಶ ತಿಳಿಯಾಗಿದ್ದು, ಮೈಯಲ್ಲಿ ಶಕ್ತಿ ಇದ್ದರೆ ಅರ್ಧ ಮುಕ್ಕಾಲು ಗಂಟೆ ಕಾಯಿರಿ, ಕಂಡು ಅರ್ಘ್ಯ ಕೊಡುವ ಸಂತೋಷವೇ ಬೇರೆ. ಹುಣ್ಣಿಮೆ ಕಳೆದು ನಾಲ್ಕನೆಯ ದಿನವಾದರೂ ಚಂದ್ರನ ಮುಖದ ಹತ್ತರಲ್ಲಿ ಎಂಟೊಂಬತ್ತು ಪಾಲು ಬೆಳಕು ಇರುತ್ತದೆ, ಒಂದು ಕಡೆ ಮಾತ್ರ ಸ್ವಲ್ಪ ಸವೆದಿರುತ್ತದೆ. ನೋಡಲು ಬಹಳ ಚೆಂದ. ಆಗದಿದ್ದರೆ ಪಂಚಾಂಗದ ಹೊತ್ತಿಗೇ ಮುಗಿಸಿ.

ಈಗ ಜಡಿಮಳೆಯ ರಾತ್ರಿ ಏನು ಮಾಡಬೇಕು ಅಂತ ಹೇಳುತ್ತೇನೆ. ಕಕ್ಕಡ ತಿಂಗಳ (ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ) ಮಳೆಯನ್ನೇ ಮನಸ್ಸಿನಲ್ಲಿ ಇಟ್ಟುಕೊಳ್ಳಿ.

ಸಂಜೆ ಸ್ನಾನ ಮಾಡಿ, ದೇವರ ಮುಂದೆ ದೀಪ ಹಚ್ಚಿ. ಚಂದ್ರೋದಯಕ್ಕೆ ಒಂದು ಗಂಟೆ ಮೊದಲು ಪೂಜೆಗೆ ಕೂತರೆ ಸರಿಯಾಗುತ್ತದೆ. ಗಣಪತಿಗೆ ಗಂಧ, ಅಕ್ಷತೆ, ಕೆಂಪು ಹೂವು, 21 ಗರಿಕೆ, ಧೂಪ ದೀಪ, ನೈವೇದ್ಯ. ಅಥರ್ವಶೀರ್ಷ ಬರುವವರು ಅದನ್ನು ಹೇಳಲಿ. ಬಾರದವರು ಸಂಕಷ್ಟನಾಶನ ಸ್ತೋತ್ರದ ಹನ್ನೆರಡು ಹೆಸರು ಹೇಳಿದರೂ ಸಾಕು: ವಕ್ರತುಂಡ, ಏಕದಂತ, ಕೃಷ್ಣಪಿಂಗಾಕ್ಷ, ಗಜವಕ್ತ್ರ, ಲಂಬೋದರ, ವಿಕಟ, ವಿಘ್ನರಾಜ, ಧೂಮ್ರವರ್ಣ, ಭಾಲಚಂದ್ರ, ವಿನಾಯಕ, ಗಣಪತಿ, ಗಜಾನನ. ನಿಮ್ಮತ್ತೆ ಇದನ್ನು ಎರಡು ತಿಂಗಳಲ್ಲಿ ಬಾಯಿಪಾಠ ಮಾಡುತ್ತಾರೆ.

ಹೊತ್ತು ಬಂದ ಮೇಲೆ ಜಗಲಿಗೆ ಬನ್ನಿ. ಅಂಗಳಕ್ಕೆ ಇಳಿದು ನೆನೆಯಬೇಕಾಗಿಲ್ಲ. ಹೆಂಚಿನ ಅಂಚಿನಿಂದ ನೀರು ಸುರಿಯುವ ಗೆರೆಯ ಒಳಗೇ ಒಂದು ಮಣೆ ಹಾಕಿ, ಅದರ ಮೇಲೆ ಅಗಲವಾದ ತಟ್ಟೆ ಇಡಿ. ತಟ್ಟೆಯಲ್ಲಿ ಒಂದು ಹಿಡಿ ಅಕ್ಕಿ ಹರಡಿ, ಬೆರಳಿನಿಂದ ಚಂದ್ರನ ಆಕಾರ ಬರೆಯಿರಿ. ಬೆಳ್ಳಿ ನಾಣ್ಯ ಇದ್ದರೆ ಅದನ್ನೇ ನಡುವೆ ಇಡಬಹುದು. ಚೆಂಬಿನಲ್ಲಿ ನೀರು, ಅದಕ್ಕೆ ಸ್ವಲ್ಪ ಹಾಲು, ಗಂಧ, ಅಕ್ಷತೆ, ಒಂದು ಕೆಂಪು ಹೂವು. ಪೂರ್ವಕ್ಕೆ ಮುಖ ಮಾಡಿ ಮೂರು ಅರ್ಘ್ಯ ಬಿಡಬೇಕು. ಒಂದು ಗಣಪತಿಗೆ, ಒಂದು ಚತುರ್ಥಿ ತಿಥಿಗೆ, ಒಂದು ಚಂದ್ರನಿಗೆ. ತಿಥಿಯನ್ನೂ ಒಬ್ಬ ದೇವಿ ಅಂತ ಕರೆದು ನೀರು ಕೊಡುವುದು ಈ ವ್ರತದ ವಿಶೇಷ. ಚಂದ್ರನ ಅರ್ಘ್ಯದ ಮಂತ್ರ ಅವನನ್ನು ಆಕಾಶವೆಂಬ ಕಡಲಿನ ಮಾಣಿಕ್ಯ ಅನ್ನುತ್ತದೆ. ಮಂತ್ರ ಬಾರದಿದ್ದರೆ ಕನ್ನಡದಲ್ಲೋ ಕೊಡವ ತಕ್ಕಿನಲ್ಲೋ ಕೇಳಿಕೊಂಡರೂ ಆಯಿತು. ಅರ್ಘ್ಯದ ನೀರು ಕಾಲಿಗೆ ಸಿಡಿಯದ ಹಾಗೆ ತಟ್ಟೆಯಲ್ಲೇ ಬೀಳಲಿ. ಆಮೇಲೆ ಅದನ್ನು ಹೂವಿನ ಗಿಡದ ಬುಡಕ್ಕೆ ಹಾಕಿ.

ದರ್ಶನ ಆಗಲೇಬೇಕು ಅನ್ನುವ ಮನಸ್ಸಿದ್ದರೆ ಅದಕ್ಕೂ ದಾರಿ ಇದೆ. ಈಗ ಹೇಳಿದ ಹನ್ನೆರಡು ಹೆಸರಿನಲ್ಲಿ ಭಾಲಚಂದ್ರ ಅಂತ ಇದೆಯಲ್ಲ, ಅಂದರೆ ಗಣಪತಿಯ ಹಣೆಯಲ್ಲೇ ಚಂದ್ರ ಇದ್ದಾನೆ. ಒಳಗೆ ಬಂದು ಮೂರ್ತಿಯ ಹಣೆಗೆ ಗಂಧ ಇಟ್ಟು ಕಣ್ತುಂಬ ನೋಡಿ. ಶಿವನ ಪಟದಲ್ಲಿ ಜಟೆಯ ಚಂದ್ರನನ್ನು ನೋಡಿ ಕೈಮುಗಿಯುವವರೂ ಇದ್ದಾರೆ. ಎರಡೂ ಸರಿ.

ಚಂದ್ರನಿಗೆ ಇಷ್ಟು ಮರ್ಯಾದೆ ಯಾಕೆ ಅನ್ನುವ ಕತೆ ನಿಮಗೆ ಗೊತ್ತಿರಬಹುದು. ಗಣಪತಿಯ ರೂಪ ನೋಡಿ ನಕ್ಕ ಚಂದ್ರನಿಗೆ ಶಾಪ ಬಂತು. ಬೇಡಿಕೊಂಡ ಮೇಲೆ ಶಾಪ ಭಾದ್ರಪದ ಶುಕ್ಲ ಚೌತಿಯ ಒಂದು ದಿನಕ್ಕೆ ಇಳಿಯಿತು. ಕೃಷ್ಣ ಪಕ್ಷದ ಚೌತಿಯಲ್ಲಿ ಅವನಿಗೆ ಗಣಪತಿಯ ಜೊತೆಯಲ್ಲೇ ಪೂಜೆ ಸಿಕ್ಕಿತು. ಹಾಗಾಗಿ ಗಣೇಶ ಚೌತಿಯ ರಾತ್ರಿ ನೋಡಬಾರದ ಚಂದ್ರನನ್ನು ಸಂಕಷ್ಟಿಯ ರಾತ್ರಿ ಹುಡುಕಿ ನೋಡುತ್ತೇವೆ. ಮಂಗಳವಾರ ಬಂದರೆ ಅಂಗಾರಕ ಸಂಕಷ್ಟಿ. ಭೂಮಿಯ ಮಗ ಅಂಗಾರಕ ತಪಸ್ಸು ಮಾಡಿ ಗಣಪತಿಯಿಂದ ವರ ಪಡೆದ ದಿನ ಅನ್ನುವ ಕತೆ ಅದಕ್ಕಿದೆ. ಅವತ್ತು ದೇವಸ್ಥಾನಗಳಲ್ಲಿ ಜನ ಜಾಸ್ತಿ. ಮನೆಯ ಪೂಜೆಯ ಕ್ರಮದಲ್ಲಿ ಬದಲಾವಣೆ ಏನಿಲ್ಲ.

ಗರಿಕೆ ತೋಟದಲ್ಲಿ ಸಿಗುವುದಿಲ್ಲ ಅಂದಿರಿ. ಸಿಗುವುದಿಲ್ಲ, ಯಾಕೆಂದರೆ ಗರಿಕೆ ಬಿಸಿಲಿನ ಹುಲ್ಲು. ಕಾಫಿ ತೋಟದ ನೆರಳಿನಲ್ಲಿ ಅದು ನಿಲ್ಲುವುದಿಲ್ಲ. ರಸ್ತೆ ಬದಿ, ಶಾಲೆಯ ಮೈದಾನ, ದೇವಸ್ಥಾನದ ಅಂಗಳ, ಗದ್ದೆಯ ಏರಿ, ಇಂಥ ತೆರೆದ ಜಾಗದಲ್ಲಿ ನೋಡಿ. ನೆಲಕ್ಕೆ ಅಂಟಿ ಹರಿಯುವ ಸಣ್ಣ ದಂಟು, ಗೆಣ್ಣು ಗೆಣ್ಣಿಗೆ ಬೇರು, ತೆಳ್ಳಗಿನ ಎಲೆ. ತೆನೆ ಬಂದಿದ್ದರೆ ಬೆರಳು ಬಿಡಿಸಿದ ಹಾಗೆ ನಾಲ್ಕೈದು ಕಡ್ಡಿ ಒಂದೇ ಕಡೆಯಿಂದ ಹೊರಟಿರುತ್ತವೆ. ಪೂಜೆಗೆ ಬೇಕಾದದ್ದು ಮೂರು ಎಸಳಿನ ಎಳೆಯ ಕುಡಿ. ಸುಲಭದ ದಾರಿ ಅಂದರೆ ಬೇರು ಸಮೇತ ನಾಲ್ಕು ಗೆಣ್ಣು ತಂದು ಅಗಲವಾದ ಕುಂಡದಲ್ಲಿ ಹಾಕಿ, ಬಿಸಿಲು ಬೀಳುವ ಕಡೆ ಇಡುವುದು. ಏಪ್ರಿಲ್‌ನಲ್ಲಿ ಹಾಕಿದರೆ ಮಳೆಗಾಲದ ಹೊತ್ತಿಗೆ ಕುಂಡ ತುಂಬಿರುತ್ತದೆ. ಮಳೆಯಲ್ಲಿ ಇಂಬಳ ಕಚ್ಚಿಸಿಕೊಂಡು ಹುಡುಕುವುದು ತಪ್ಪುತ್ತದೆ. ಅನಲಾಸುರ ಎಂಬ ಬೆಂಕಿಯಂಥ ರಾಕ್ಷಸನನ್ನು ನುಂಗಿದ ಗಣಪತಿಯ ಹೊಟ್ಟೆಯುರಿ ತಣಿದದ್ದು ಋಷಿಗಳು ಕೊಟ್ಟ ಗರಿಕೆಯಿಂದ. ಅದಕ್ಕೇ ಇದರ ಮೇಲೆ ಅವನಿಗೆ ಅಷ್ಟು ಪ್ರೀತಿ. ಒಂದು ತಿಂಗಳು ಸಿಗಲೇ ಇಲ್ಲ ಅಂದರೆ ಗರಿಕೆಯ ಬದಲು ಅಕ್ಷತೆ ಹಾಕಿ. ಇಲ್ಲದ ಸಾಮಾನಿಗೆ ಅಕ್ಷತೆ ಅನ್ನುವುದು ಎಲ್ಲ ಪೂಜೆಯಲ್ಲೂ ಇರುವ ಕ್ರಮ. ದಾಸವಾಳಕ್ಕಂತೂ ಕೊಡಗಿನ ಬೇಲಿಗಳಲ್ಲಿ ಕೊರತೆ ಇಲ್ಲ. ತುಳಸಿ ಮಾತ್ರ ಬೇಡ.

ನಿಮ್ಮತ್ತೆಯ ವಿಷಯ ಎಲ್ಲಕ್ಕಿಂತ ಮುಖ್ಯ. ದಯವಿಟ್ಟು ಈ ಭಾಗವನ್ನು ಅವರಿಗೆ ಓದಿ ಹೇಳಿ.

ವ್ರತವನ್ನು ಕೆಡಿಸದ ಎಂಟು ವಸ್ತುಗಳನ್ನು ನಮ್ಮ ಹಿರಿಯರು ಹೇಳಿದ್ದಾರೆ. ನೀರು, ಗೆಡ್ಡೆ, ಹಣ್ಣು, ಹಾಲು, ಹವಿಸ್ಸು, ಬ್ರಾಹ್ಮಣರ ಕೋರಿಕೆ, ಗುರುವಿನ ಮಾತು, ಔಷಧಿ. ಕೊನೆಯದನ್ನು ಗಮನಿಸಿ. ಔಷಧಿ ತಗೊಂಡರೆ ವ್ರತ ಮುರಿಯುವುದಿಲ್ಲ. 'ಉಪವಾಸ ಅಲ್ವಾ, ಮಾತ್ರೆ ನಾಳೆ ತಗೊಂಡರಾಯಿತು' ಅನ್ನುವುದು ಭಕ್ತಿಯಲ್ಲ, ಅಪಾಯ. ಅಷ್ಟೇ ಅಪಾಯ ಮಾತ್ರೆ ತಗೊಂಡು ಏನೂ ತಿನ್ನದೆ ಇರುವುದು. ಇನ್ಸುಲಿನ್ ತಗೊಳ್ಳುವವರಿಗೆ, ಗ್ಲಿಮೆಪಿರೈಡ್ ತರಹದ ಮಾತ್ರೆ ತಗೊಳ್ಳುವವರಿಗೆ ಖಾಲಿ ಹೊಟ್ಟೆಯಲ್ಲಿ ಸಕ್ಕರೆ ತೀರಾ ಇಳಿದುಬಿಡಬಹುದು. ಆದ್ದರಿಂದ ಮೊದಲು ಅವರನ್ನು ನೋಡುವ ಡಾಕ್ಟರ ಹತ್ತಿರ ಹೋಗಿ, ತಿಂಗಳಿಗೆ ಒಂದು ದಿನ ಹೀಗೆ ಮಾಡಬಹುದಾ, ಅವತ್ತು ಮಾತ್ರೆ ಹೇಗೆ ಅಂತ ಕೇಳಿ. ಬೇಡ ಅಂದರೆ ಬೇಡ. ಅವರು ಮೂರು ಹೊತ್ತು ಊಟ ಮಾಡಿ, ಸಂಜೆಯ ಪೂಜೆಯನ್ನು ಮಾತ್ರ ಮಾಡಲಿ.

ಡಾಕ್ಟರು ಒಪ್ಪಿದರೆ, ಹಗಲು ಎರಡು ಮೂರು ಗಂಟೆಗೊಮ್ಮೆ ಏನಾದರೂ ತಿನ್ನಲಿ. ಬೇಯಿಸಿದ ಗೆಣಸು ಸ್ವಲ್ಪ, ಹಾಲು, ಮಜ್ಜಿಗೆ, ಒಂದು ಹಣ್ಣು, ಒಂದು ಹಿಡಿ ಕಡಲೆಕಾಯಿ. ಸಬ್ಬಕ್ಕಿ ಬೇಡ, ಅದು ಬರೀ ಪಿಷ್ಟ, ಸಕ್ಕರೆ ಬೇಗ ಏರಿಸುತ್ತದೆ. ಬೆವರು, ನಡುಕ, ತಲೆ ಸುತ್ತು, ಮಾತು ತೊದಲುವುದು ಕಂಡರೆ ಗಡಿಯಾರ ನೋಡಬೇಡಿ. ಮೂರು ಚಮಚ ಸಕ್ಕರೆ ನೀರಿನಲ್ಲಿ ಕಲಸಿ ಕುಡಿಸಿ. ಮನೆಯಲ್ಲಿ ಮೀಟರ್ ಇದ್ದು 70ಕ್ಕಿಂತ ಕೆಳಗೆ ತೋರಿಸಿದರೂ ಹಾಗೇ ಮಾಡಿ. ಕಾಲು ಗಂಟೆ ಬಿಟ್ಟು ಮತ್ತೆ ನೋಡಿ, ಇನ್ನೂ ಕಡಿಮೆಯೇ ಇದ್ದರೆ ಇನ್ನೊಂದು ಸಲ ಕೊಡಿ. ಆಮೇಲೆ ಊಟ ಹಾಕಿ. ಎಚ್ಚರ ತಪ್ಪುತ್ತಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಆ ತಿಂಗಳ ವ್ರತ ಅಲ್ಲಿಗೆ ಮುಗಿಯಿತು, ಮುಂದಿನ ತಿಂಗಳು ಮತ್ತೆ ಬರುತ್ತದೆ.

ಕಾಫಿ? ಎಂಟರ ಪಟ್ಟಿಯಲ್ಲಿ ಅದಿಲ್ಲ, ಹಾಲಿದೆ. ನನ್ನ ಅಭಿಪ್ರಾಯ ಹೀಗಿದೆ. ಬೆಳಗಿನ ಒಂದು ಲೋಟ ಕಾಫಿಯನ್ನು ಕುಡಿಯಲಿ. ದಿನವಿಡೀ ತಲೆನೋವಿನಲ್ಲಿ ನರಳುತ್ತಾ ಗಣಪತಿಯ ಹೆಸರು ಹೇಳುವುದಕ್ಕಿಂತ ಅದು ಮೇಲು. ಆದರೆ ಏನೂ ತಿನ್ನದೆ ಬೆಲ್ಲದ ಕಾಫಿ ಮೇಲೆ ಬೆಲ್ಲದ ಕಾಫಿ ಕುಡಿದು ದಿನ ತಳ್ಳುವುದು ಬೇಡ. ಹೊಟ್ಟೆಗೂ ಒಳ್ಳೆಯದಲ್ಲ, ನಿಮ್ಮತ್ತೆಗೆ ಆ ಬೆಲ್ಲವೂ ಆಗದು. ಇನ್ನೊಂದು ಮಾತು. ನಿಮ್ಮ ತೋಟದಲ್ಲಿ ಕೆಲಸ ಮಾಡುವವರಲ್ಲೂ ಈ ವ್ರತ ಹಿಡಿದವರು ಇರಬಹುದು. ಮರಗಸಿಗೆ, ಅಂದರೆ ನೆರಳಿನ ಮರದ ಕೊಂಬೆ ಸವರಲು, ಮರ ಹತ್ತುವವರು ಅವತ್ತು ಉಪವಾಸ ಇದ್ದರೆ ನೆಲದ ಕೆಲಸ ಕೊಡಿ.

ಮಾಂಸದ ಅಡುಗೆಯ ಬಗ್ಗೆ ಕೇಳಿದ್ದೀರಿ. ವ್ರತ ಹಿಡಿದವರಿಗೆ ನಿಯಮ, ಮನೆಯವರೆಲ್ಲರಿಗೂ ಅಲ್ಲ. ನಿಮಗೂ ಅತ್ತೆಗೂ ಪಾತ್ರೆ ಬೇರೆ ಇಟ್ಟುಕೊಳ್ಳಿ, ಪೂಜೆಯ ಹೊತ್ತಿಗೆ ಒಲೆಯ ಮೇಲೆ ಬೇರೆ ಅಡುಗೆ ಇಲ್ಲದ ಹಾಗೆ ನೋಡಿಕೊಳ್ಳಿ, ಅಷ್ಟು ಸಾಕು. ಇದಕ್ಕೋಸ್ಕರ ಮನೆಯಲ್ಲಿ ಜಗಳ ಬೇಡ. ಕೊಡವ ಮನೆಯ ಕ್ರಮದಲ್ಲಿ ಗುರು ಕಾರಣರು, ಅಂದರೆ ಕುಲದ ಹಿರಿಯರು, ಮೊದಲು. ನೆಲ್ಲಕ್ಕಿಯ (ನಡುಮನೆಯ) ದೀಪ ಎಂದಿನಂತೆ ಮೊದಲು ಹಚ್ಚಿ, ಆಮೇಲೆ ಗಣಪತಿಯ ಮುಂದೆ ಕೂರಿ. ಕಾರಣರಿಗೆ ಮೀದಿ (ಎಡೆ) ಇಡುವ ದಿನವೇ ಸಂಕಷ್ಟಿ ಬಂದರೆ ಮನೆಯ ಕಾರ್ಯ ಅದರ ಪದ್ಧತಿಯಂತೆ ನಡೆಯಲಿ. ನೀವು ಅದರಲ್ಲಿ ಕೈಜೋಡಿಸಿ, ನಿಮ್ಮ ಉಪವಾಸವನ್ನು ನಿಮ್ಮಷ್ಟಕ್ಕೆ ಇಟ್ಟುಕೊಳ್ಳಿ. ಮುಟ್ಟಿನ ದಿನ, ಸೂತಕದ ದಿನ ಬಂದರೂ ಹೀಗೇ. ಉಪವಾಸ ಇರಬಹುದು, ಪೂಜೆಯನ್ನು ಮನೆಯ ಇನ್ನೊಬ್ಬರು ಮಾಡಲಿ.

ನೈವೇದ್ಯಕ್ಕೆ ಮೋದಕ, ಕಡುಬು, ಪಂಚಕಜ್ಜಾಯ ಯಾವುದಾದರೂ ಆಗುತ್ತದೆ. ನಿಮ್ಮತ್ತೆಯ ಕೈಯ ಪಾಪುಟ್ಟು ಇಡಿ ಅಂತ ನಾನು ಹೇಳುತ್ತೇನೆ. ಅಕ್ಕಿ ತರಿ, ಹಾಲು, ತೆಂಗಿನತುರಿ ಸೇರಿಸಿ ಹಬೆಯಲ್ಲಿ ಬೇಯಿಸಿದ ತಿಂಡಿ. ಈರುಳ್ಳಿ ಬೆಳ್ಳುಳ್ಳಿಯ ಸೋಂಕಿಲ್ಲ. ಗಣಪತಿಗೆ ಇದಕ್ಕಿಂತ ಒಳ್ಳೆಯ ನೈವೇದ್ಯ ಯಾವುದಿದೆ? ಅತ್ತೆಯ ಪಾಲಿನದಕ್ಕೆ ಸಕ್ಕರೆ ಹಾಕದೆ ಬೇರೆ ತಟ್ಟೆಯಲ್ಲಿ ಬೇಯಿಸಿ. ಜೊತೆಗೆ ಈರುಳ್ಳಿ ಬೆಳ್ಳುಳ್ಳಿ ಇಲ್ಲದ ಕುಂಬಳಕಾಯಿ ಕರಿ ಮಾಡಿದರೆ ರಾತ್ರಿಯ ಊಟವೂ ಆಯಿತು.

ಅತ್ತೆ ಯಾವಾಗ ಶುರು ಮಾಡಬೇಕು? ಅಂಗಾರಕ ಸಂಕಷ್ಟಿಯಂದು ಹಿಡಿಯುವ ರೂಢಿ ಇದೆ, ಶ್ರಾವಣದಲ್ಲೋ ಮಾಘದಲ್ಲೋ ಹಿಡಿಯುವವರೂ ಇದ್ದಾರೆ. 21 ಸಂಕಷ್ಟಿ ಅಂತ ಸಂಕಲ್ಪ ಮಾಡುವುದು ನಮ್ಮ ಕಡೆ ಹೆಚ್ಚು. ವರ್ಷಕ್ಕೆ 12, ಅಧಿಕ ಮಾಸ ಬಂದ ವರ್ಷ 13, ಹಾಗಾಗಿ ಎರಡು ವರ್ಷದ ಒಳಗೆ ಮುಗಿಯುತ್ತದೆ. ಕೊನೆಗೆ ಗಣಹೋಮ ಮಾಡಿಸಿ, 21 ಮೋದಕ ಇಟ್ಟು, ನಾಲ್ಕು ಜನಕ್ಕೆ ಊಟ ಹಾಕಿ ಉದ್ಯಾಪನೆ ಮಾಡಿ. ಶುಗರ್ ಇರುವುದರಿಂದ ಅತ್ತೆಗೆ ನಾನು ಬೇರೆ ಮಾತು ಹೇಳುತ್ತೇನೆ. ಸಂಖ್ಯೆ ಹಿಡಿದು ಸಂಕಲ್ಪ ಬೇಡ, 'ಆದಷ್ಟು ತಿಂಗಳು ಮಾಡುತ್ತೇನೆ' ಅಂತ ಹೇಳಿಕೊಂಡು ಶುರು ಮಾಡಲಿ. ಮಾಘದಲ್ಲಿ ಹಿಡಿದರೆ ಒಳ್ಳೆಯದು. ಆಗ ಆಕಾಶ ತಿಳಿಯಾಗಿರುತ್ತದೆ, ಮಳೆ ಹಿಡಿಯುವ ಮೊದಲು ಅವರಿಗೆ ಮೂರು ನಾಲ್ಕು ಸಲವಾದರೂ ಚಂದ್ರ ಸಿಗುತ್ತಾನೆ. ಮೊದಲ ಸಲ ಅರ್ಘ್ಯದ ಚೆಂಬು ಅವರ ಕೈಗೇ ಕೊಡಿ, ನೀವು ಪಕ್ಕದಲ್ಲಿ ನಿಂತು ಹೆಸರುಗಳನ್ನು ಹೇಳಿಕೊಡಿ.